ಸಾವಕಾರರ ಲಿವರು

ಜನ ಡಾಕ್ಟರ ಮಾತು ಕೇಳುವುದಿಲ್ಲ ಎನ್ನುವುದು ಸುಳ್ಳು. ಪೂರ್ತಿ ಕೇಳುತ್ತಾರೆ, ಮನೆಗೆ ಹೋಗಿ ಅದಕ್ಕೆ ತಮ್ಮದೇ ಒಗ್ಗರಣೆ ಹಾಕುತ್ತಾರೆ, ಅಷ್ಟೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಕೊಲೆಸ್ಟರಾಲ್ ಇಳಿಸುವ ಗುಳಿಗೆ ನಮ್ಮ ಕಡೆ ಹೊಸದು. ನನ್ನ ದವಾಖಾನೆ ಬೆಳಗಾವಿಯ ಶಿವಬಸವ ನಗರದಲ್ಲಿ. ವಾರಕ್ಕೊಮ್ಮೆ ಖಾನಾಪುರಕ್ಕೂ ಹೋಗುತ್ತಿದ್ದೆ. ಈ ಒಗ್ಗರಣೆಯೆಲ್ಲ ಅಲ್ಲಿನದು.

ಅದಲಾಬದಲಿ

ಖಾನಾಪುರದಲ್ಲಿ ಭತ್ತದ ವ್ಯಾಪಾರ ಮಾಡುವ ಸಾವಕಾರರೊಬ್ಬರಿದ್ದರು. ಲಿಂಗವಂತರು, ತತ್ತಿಯನ್ನೂ ಮುಟ್ಟಿದವರಲ್ಲ. ಅವರಣ್ಣ ಎದೆನೋವಿನಿಂದ ತೀರಿಕೊಂಡ ಮೇಲೆ ಹೆದರಿದ ಹೆಂಡತಿ ಅವರನ್ನು ನನ್ನ ಹತ್ತಿರ ಎಳೆದು ತಂದಿದ್ದರು. ಅದೇ ದಿನ ಜಾಂಬೋಟಿ ಬಸ್ಸಿನ ಡ್ರೈವರನೂ ತಪಾಸಣೆಗೆ ರಕ್ತ ಕೊಟ್ಟಿದ್ದ. ಕುರಿ ಕಾಯುವವರ ಮನೆತನದವನು, ಮಟನ್ ಇಲ್ಲದೆ ವಾರ ಕಳೆಯದವನು. ರಿಪೋರ್ಟು ಬಂದರೆ ಡ್ರೈವರನದು ಸ್ವಚ್ಛ, ಸಾವಕಾರರದು ಮಿತಿ ಮೀರಿತ್ತು.

"ರಿಪೋರ್ಟ್ ಅದಲಾಬದಲಿ ಆಗೇತ್ರಿ" ಎಂದು ಸಾವಕಾರರು ಪಟ್ಟು ಹಿಡಿದರು. ಮತ್ತೆ ರಕ್ತ ತೆಗೆಸಿದೆ. ಮತ್ತೆ ಅದೇ ಬಂತು. ಬಾಜೂ ಕುಳಿತಿದ್ದ ಡ್ರೈವರ್ ಮೆಲ್ಲಗೆ ಅಂದ: "ಸಾವ್ಕಾರ್ರ, ಎಲ್ಲ್ಯರ ಕದ್ದು ತಿಂದಿದ್ರ ಡಾಕ್ಟರ್ ಮುಂದ ಹೇಳಿಬಿಡ್ರಿ. ನಾ ಊರಾಗ ಯಾರಿಗೂ ಹೇಳೂದಿಲ್ಲ."

ಆವಕ

ಸಾವಕಾರರ ಮಾನ ಉಳಿಸಲು ನಾನು ಬಿಡಿಸಿ ಹೇಳಿದೆ. "ಕೊಲೆಸ್ಟರಾಲ್ ಬರೇ ತಾಟಿನ್ಯಾಗಿಂದ ಬರೂದಿಲ್ರಿ. ಲಿವರ್ ತಾನೂ ತಯಾರ್ ಮಾಡ್ತೇತಿ. ಈ ಗುಳಿಗಿ ಆ ತಯಾರಿಕಿ ಕಡಿಮಿ ಮಾಡ್ತೇತಿ. ಆಗ ಲಿವರ್ ತನಗ ಬೇಕಾದ್ದನ್ನ ರಕ್ತದಾಗಿಂದ ಎಳಕೋತೇತಿ, ರಕ್ತದಾಗ ಇಳೀತೇತಿ."

ಅವರು ತಲೆದೂಗಿದರು. ಒಂದು ತಿಂಗಳು ಬಿಟ್ಟು ಬಂದಾಗ ಹೊಟ್ಟೆ ಅವರಿಗಿಂತ ಮೊದಲು ಒಳಗೆ ಬಂತು.

"ಏನ್ರಿ ಸಾವ್ಕಾರ್ರ ಇದು?"

"ನೀವ ಹೇಳಿದ್ರೆಲ್ಲ, ಒಳಗ ಮಾಲು ತಯಾರಾಗೂದು ಕಡಿಮಿ ಆಗ್ತೇತಿ ಅಂತ. ಹಂಗಾದ್ರ ಹೊರಗಿನ ಆವಕ ಹೆಚ್ಚು ಮಾಡಬೇಕಲ್ರಿ. ದಿನಾ ಎರಡು ಚಮಚ ತುಪ್ಪ ಜಾಸ್ತಿ ತಿನ್ನಾಕ ಹತ್ತೇನಿ."

ಹೋಳಿಗೆ ಊಟ

ಆಗ ಅವರ ಹೆಂಡತಿಯನ್ನು ಕರೆದು, ಗುಳಿಗೆ ಒಂದು ದಿನವೂ ತಪ್ಪಬಾರದು, ತಪ್ಪಿದರೆ ಅಣ್ಣನ ದಾರಿಯೇ ಎಂದು ಖಡಕ್ಕಾಗಿ ಹೇಳಿದೆ. "ಅದರ ಜವಾಬ್ದಾರಿ ನಂದ್ರಿ" ಎಂದು ಕಣ್ಣೊರೆಸಿಕೊಂಡರು. ಮುಂದಿನ ರಿಪೋರ್ಟಿನಲ್ಲೂ ಒಂದಿಷ್ಟೂ ಇಳಿಯಲಿಲ್ಲ. ನನಗೆ ನಿಜವಾಗಿ ಚಿಂತೆಯಾಯಿತು.

ಯುಗಾದಿಗೆ ಊಟಕ್ಕೆ ಕರೆದರು. ಆ ತಾಯಿ ಹೋಳಿಗೆಯ ಮೇಲೆ ಧಾರಾಳವಾಗಿ ತುಪ್ಪ ಸುರಿಯುತ್ತಿದ್ದರು, ನನಗೂ, ಸಾವಕಾರರಿಗೂ.

"ಅಕ್ಕಾರ, ಇವರಿಗೆ ಇಷ್ಟು ತುಪ್ಪ?"

"ಹೆದರಬ್ಯಾಡ್ರಿ ಡಾಕ್ಟರ್ ಸಾಹೇಬ್ರ. ಇವರು ಗುಳಿಗಿ ನುಂಗವಲ್ರು, ತುಪ್ಪ ಬಿಡವಲ್ರು. ಅದಕ್ಕ ಗುಳಿಗಿ ಕುಟ್ಟಿ ತುಪ್ಪದ ಗಡಿಗ್ಯಾಗನ ಹಾಕಿಬಿಟ್ಟೇನಿ. ಕೊಲೆಸ್ಟರಾಲ್ ಅಲ್ಲೇ ಇಳೀತೇತಿ. ಲಿವರ್‌ಗ್ಯಾಕ ತ್ರಾಸು?"

ನಾನು ಆಗ ಮೂರನೆಯ ಹೋಳಿಗೆಯಲ್ಲಿದ್ದೆ. ಮಗ, ಸೊಸೆ, ಅಂಗಡಿಯ ಹಮಾಲರು, ಬಂದ ಬೀಗರು, ಕೊನೆಗೆ ಡಾಕ್ಟರು, ಎಲ್ಲರೂ ಆ ಔಷಧಿ ತಿಂದಾಗಿತ್ತು. ಸಾವಕಾರರ ಪಾಲಿಗೆ ಬಂದದ್ದು ಬರೇ ತುಪ್ಪ.

ಗುಳಿಗೆಯ ಕೆಲಸ ಗಡಿಗೆಯಲ್ಲಲ್ಲ, ಇವರ ಲಿವರಿನಲ್ಲಿ ಎಂದು ತಿಳಿಸಿದೆ. ಅಂದಿನಿಂದ ಆಕೆ ಊಟವಾದ ಮೇಲೆ ಎದುರಿಗೆ ನಿಂತು ಗುಳಿಗೆ ನುಂಗಿಸಿ, ಬಾಯಿ ತೆರೆಸಿ ನೋಡತೊಡಗಿದರು. ಗಡಿಗೆ ಅಟ್ಟ ಸೇರಿತು. ಮಳೆಗಾಲ ಹಿಡಿಯುವ ಹೊತ್ತಿಗೆ ರಿಪೋರ್ಟು ಸ್ವಚ್ಛ ಬಂತು. ಆಕೆ ದವಾಖಾನೆಯಲ್ಲೇ ಅತ್ತರು.

ಅಷ್ಟರಲ್ಲಿ ಡ್ರೈವರ್ ಬಾಗಿಲಲ್ಲಿ ಇಣುಕಿದ. ತುಪ್ಪದ ಸುದ್ದಿ ಅವನ ಬಸ್ಸಿನಲ್ಲೇ ಜಾಂಬೋಟಿವರೆಗೆ ಹೋಗಿ ಬಂದಿತ್ತು.

"ಡಾಕ್ಟರ್ ಸಾಹೇಬ್ರ, ಚಲೋ ರಿಪೋರ್ಟ್ ಬಂದೈತಿ ಅಂತ ನನಗ ಆವತ್ತ ಏನೂ ಕೊಡಲಿಲ್ಲ ನೀವು. ಇರಲಿ. ಆ ಗುಳಿಗಿ ಮಟನ್ ಮಸಾಲಿಗೂ ನಡೀತೇತೇನ್ರಿ?"