‘ಆಫ್’ ದೊಡ್ಡದೋ ಸಣ್ಣದೋ

ಕೆಲವರಿಗೆ ಹಾವು ಕಂಡರೆ ಭಯ, ಕೆಲವರಿಗೆ ತುಂಬಿದ ಹೊಳೆ ಕಂಡರೆ ಭಯ. ನನಗೆ ಇಂಗ್ಲಿಷಿನ ದೊಡ್ಡಕ್ಷರ ಕಂಡರೆ ಇವತ್ತಿಗೂ ಅಂಗೈ ಬೆವರುತ್ತದೆ. ಕನ್ನಡದಲ್ಲಿ ಈ ತಾಪತ್ರಯವಿಲ್ಲ. ಕಲೆಕ್ಟರಿಗೂ ಅದೇ ‘ಕ’, ಕತ್ತೆಗೂ ಅದೇ ‘ಕ’. ಇಂಗ್ಲಿಷಿನ ತಲೆಬರಹದಲ್ಲಿ ಮಾತ್ರ ಯಾವ ಪದ ತಲೆಯೆತ್ತಬೇಕು, ಯಾವುದು ತಗ್ಗಿ ನಡೆಯಬೇಕು ಎಂಬುದೇ ದೊಡ್ಡ ಪಂಚಾಯಿತಿ.

ನಾವಿನ್ನೂ ಮದ್ರಾಸ್ ಪ್ರಾಂತ್ಯದವರಾಗಿದ್ದ ಕಾಲ. ನಾನು ಸಿರುಗುಪ್ಪದ ಶಾಲೆಯಲ್ಲಿ ಹೊಸ ಇಂಗ್ಲಿಷ್ ಮಾಸ್ತರ. ಬಳ್ಳಾರಿಯಿಂದ ಇನ್ಸ್‌ಪೆಕ್ಟರು ಬರುವವರಿದ್ದರು. ಮಕ್ಕಳ ಕೈಬರಹದ ಪತ್ರಿಕೆಯ ರಟ್ಟಿನ ಮೇಲೆ ‘ದಿ ವಾಯ್ಸ್ ಆಫ್ ಅವರ್ ಸ್ಕೂಲ್’ ಎಂದು ನಾನು ಬರೆಯಬೇಕಿತ್ತು. ‘ಆಫ್’ ಹತ್ತಿರ ಬಂದು ಕೈ ನಿಂತುಬಿಟ್ಟಿತು.

“ನೋಡಿ ಬರೀರಿ ಮಾಸ್ತರ,” ಎಂದರು ಹೆಡ್‌ಮಾಸ್ತರರು. “ಒಂದು ಅಕ್ಷರ ತಪ್ಪಿದ್ದಕ್ಕ ಬಾದನಹಟ್ಟಿ ಮಾಸ್ತರನ್ನ ಈ ಇನ್ಸ್‌ಪೆಕ್ಟರ್ ಸಾಹೇಬ್ರು ದೂರದ ಆಲೂರಿಗೆ ವರ್ಗಾ ಮಾಡಿ ಒಗದಾರ.”

“‘ಆಫ್’ ದೊಡ್ಡದೋ ಸಣ್ಣದೋ ಸರ್?”

“ಸಣ್ಣ ಪದಕ್ಕ ಸಣ್ಣ ಅಕ್ಷರ.”

“ಮತ್ತ ‘ಅವರ್’?”

ಅವರು ರುಮಾಲು ಸರಿಮಾಡಿಕೊಂಡರು. “ನೀವ ಬಿ.ಎ. ಅಲ್ಲೇನ್ರಿ?” ಎಂದವರೇ ಹೊರಟುಹೋದರು.

ಮನೆಯಲ್ಲಿ ಹೆಂಡತಿ ತುಂಬು ಬಸುರಿ. ಅವಳ ತವರು ಅಲ್ಲೇ ಹತ್ತಿರದ ಕೆಂಚನಗುಡ್ಡ. ಬಾದನಹಟ್ಟಿ ಮಾಸ್ತರರ ಸುದ್ದಿ ಕೇಳಿ ಅವಳ ಕಣ್ಣು ತುಂಬಿತು. “ಆಲೂರಿಗೆ ಒಗದ್ರ ಹೆರಿಗಿ ಹೊತ್ತಿಗೆ ನಾ ನಮ್ಮವ್ವನ ಮನಿಗೆ ಹ್ಯಾಂಗ ಬರಬೇಕು? ಏನರ ಮಾಡಿ ಅದೊಂದು ಸರಿ ಬರೀರಿ.” ಕೊನೆಗೆ ಹೆದರಿಕೆಯಲ್ಲಿ, ಮೊದಲಿನಿಂದ ಕಡೆಯವರೆಗೆ ಒಂದಕ್ಷರವನ್ನೂ ಬಿಡದೆ ಎಲ್ಲವನ್ನೂ ದೊಡ್ಡಕ್ಷರ ಮಾಡಿಬಿಟ್ಟೆ.

ಇನ್ಸ್‌ಪೆಕ್ಟರು ರಟ್ಟನ್ನು ಕಣ್ಣಿನ ಹತ್ತಿರ ಹಿಡಿದು ಒಂದೊಂದೇ ಅಕ್ಷರ ಓದಿದರು.

“ಎಲ್ಲಾರೂ ‘ಆಫ್’ನ್ಯಾಗ ಸಿಗಬೀಳ್ತಾರ. ನೀವು ಬರೋಬ್ಬರಿ ದಾಟೀರಿ,” ಎಂದು ನಕ್ಕರು. ನನಗೆ ಹೋದ ಜೀವ ಬಂತು. ಅಷ್ಟರಲ್ಲಿ, “ಬರೋ ವಾರ ಬಳ್ಳಾರಿಗೆ ಬರ್ರಿ. ತಲೆಬರಹದ ನಿಯಮ ಎಲ್ಲಾ ಮಾಸ್ತರಗಳಿಗೂ ಬರದು ತೋರಸ್ರಿ,” ಎಂದರು. ಬಂದ ಜೀವ ಮತ್ತೆ ಹೋಯಿತು.

ಬಳ್ಳಾರಿಯ ಆ ಸಭೆಯಲ್ಲಿ ಸೀಮೆಸುಣ್ಣ ಹಿಡಿದ ಕೈ ಮೇಲೇಳಲಿಲ್ಲ. ಬೇರೆ ದಾರಿ ಕಾಣದೆ, “‘ಆಫ್’ ದೊಡ್ಡದೋ ಸಣ್ಣದೋ, ನೀವ ಹೇಳ್ರಿ,” ಎಂದೆ. ಕುರುಗೋಡಿನವರು ಸಣ್ಣದೆಂದರು, ಹೊಸಪೇಟೆಯವರು ದೊಡ್ಡದೆಂದರು. ಊಟದ ಗಂಟೆ ಹೊಡೆಯುವವರೆಗೂ ಜಗಳ ನಡೆಯಿತು. ಚರ್ಚೆಯಿಂದಲೇ ಕಲಿಸುವ ಮಾಸ್ತರ ಎಂದು ನನಗೆ ಹೆಸರು ಬಂತು. ಮಗಳು ಕೆಂಚನಗುಡ್ಡದಲ್ಲೇ ಹುಟ್ಟಿದಳು.

ಈಗಲೂ ಯಾರಾದರೂ ಇಂಗ್ಲಿಷ್ ತಲೆಬರಹ ತಿದ್ದಿಸಲು ಬಂದರೆ, ಕನ್ನಡಕ ಎಲ್ಲಿಟ್ಟೆನೋ ಎಂದು ಮನೆಯೆಲ್ಲ ಹುಡುಕುತ್ತೇನೆ. ಅದು ನನ್ನ ಹಣೆಯ ಮೇಲೇ ಇರುತ್ತದೆ. ಬಂದವರು ಮರ್ಯಾದಸ್ಥರು, ಹೇಳುವುದಿಲ್ಲ.