ಮೂಲೆ ಹೋದ ಲಕೋಟೆ

ನಾನು ಓದು ನಿಲ್ಲಿಸಿದ್ದು ೧೯೫೬ರಲ್ಲಿ, ನಾಲ್ಕನೆಯ ಇಯತ್ತೆಗೆ. ಆ ವರ್ಷ ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು, ನಾನು ಶಹಾಬಾದಿನ ಕಲ್ಲುಗಣಿಗೆ ಸೇರಿದೆ. ಓದಿದವರಿಗಿಂತ ನಾನು ಕಡಿಮೆ ಎಂದು ಯಾವತ್ತೂ ಅನಿಸಿಲ್ಲ. ನಾನು ಹಾಸಿದ ಫರಸಿ ಕಲ್ಲಿನ ಮೇಲೆ ನೀರು ಚೆಲ್ಲಿದರೆ ಅದು ನಾನು ಹೇಳಿದ ಕಡೆಗೇ ಹರಿಯುತ್ತದೆ. ಎಷ್ಟು ಮಂದಿ ಪದವೀಧರರ ಮಾತನ್ನು ನೀರು ಕೇಳುತ್ತದೆ? ಆದರೆ ಟಪಾಲಿನ ವಿಷಯದಲ್ಲಿ ಮಾತ್ರ ನನ್ನ ತಲೆ ಪೂರ್ತಿ ಕೆಟ್ಟದ್ದನ್ನು ಒಪ್ಪಿಕೊಳ್ಳಲೇಬೇಕು.

ಇಪ್ಪತ್ತೆರಡು ವರ್ಷ ಅಲ್ಲಿ ಕಲ್ಲು ಹಾಸಿ, ಅದೇ ಕೆಲಸಕ್ಕೆ ಈ ಮಸ್ಕತ್ತಿಗೆ ಬಂದೆ. ನಮ್ಮೂರು ದಂಡೋತಿಯಲ್ಲಿ ಟಪಾಲಿಗೆ ವಿಳಾಸ ಬೇಡ. ಹೆಸರಿದ್ದರೆ ಸಾಕು, ಅಂಚೆಯ ಶರಣಪ್ಪ ಕಾಗಿಣಾ ಹೊಳೆ ದಾಟಿಯಾದರೂ ಹುಡುಕಿ ಕೊಡುತ್ತಾನೆ, ಓದಿ ಹೇಳುತ್ತಾನೆ, ನಿಮಗಿಂತ ಮೊದಲು ನಾಲ್ಕು ಮನೆಗೆ ತಿಳಿಸಿಯೂ ಇರುತ್ತಾನೆ. ಇಲ್ಲಿ ಮನೆಗೆ ನಂಬರಿಲ್ಲ, ಓಣಿಗೆ ಹೆಸರಿಲ್ಲ, ಅಂಚೆಯವನೆಂಬ ಪ್ರಾಣಿಯೇ ಇಲ್ಲ. ಟಪಾಲು ಕಚೇರಿಯ ಗೋಡೆಯಲ್ಲಿ ಪಾರಿವಾಳದ ಗೂಡಿನಂಥ ಡಬ್ಬಿಗಳು. ನಂಬರು, ಬಾಗಿಲು, ಬೀಗ ಎಲ್ಲ ಅವಕ್ಕೆ. ನಮ್ಮ ಕಂಪನಿಯವರಿಗೆಲ್ಲ ಸೇರಿ ಒಂದೇ ಡಬ್ಬಿ. ಗುಮಾಸ್ತ ಗುರುವಾರ ಬೀಗ ತೆಗೆದು ಕಾಗದಗಳನ್ನು ತಂದು ಊಟದ ಮೇಜಿನ ಮೇಲೆ ಸುರಿಯುತ್ತಾನೆ. ಇದು ಗೊತ್ತಿಲ್ಲದೆ ಮೊದಲ ತಿಂಗಳು ನಾನು ಕೋಣೆಯ ಬಾಗಿಲಲ್ಲಿ ಕೂತು ದಾರಿ ಕಾದೆ. ನನ್ನ ಕೋಣೆಯ ಜೊತೆಗಾರ, ಚಿತ್ತಾಪುರದ ಖಾಜಾ, ನಕ್ಕು ಹೇಳಿದ: "ಉಸ್ತಾದ, ಯಾರ ದಾರಿ ನೋಡಾಕತ್ತೀರಿ? ಇಲ್ಲಿ ಕಾಗದ ನಮ್ಮನ್ನ ಹುಡುಕ್ಕೊಂಡು ಬರಂಗಿಲ್ಲ. ನಾವೇ ಹೋಗಿ ಅದಕ್ಕ ಸಲಾಂ ಹೊಡೀಬೇಕು."

ಅವನಿಗೆ ನಗು. ನನ್ನ ಚಿಂತೆ ಬೇರೆ. ನಾನು ಹೊರಡುವಾಗ ಅವ್ವ ಹಾಸಿಗೆ ಹಿಡಿದಿದ್ದಳು. "ನೀ ಹೋಗಪ್ಪಾ, ನಾ ಎಲ್ಲಿಗೂ ಹೋಗಂಗಿಲ್ಲ" ಅಂದಿದ್ದಳು. ಆ ಮಾತಿನ ಮೇಲೆ ನನಗೆ ಅಷ್ಟು ಭರವಸೆ ಇರಲಿಲ್ಲ.

ಮುಂದಿನ ಗುರುವಾರ ಮೇಜಿನ ಮೇಲೆ ನನ್ನ ಹೆಸರಿನ ಲಕೋಟೆ ಇತ್ತು. ಅದರ ಮೇಲಿನ ಮೂಲೆ ಇರಲಿಲ್ಲ. ನಮ್ಮ ಕಡೆ ಮೂಲೆ ಹರಿದ ಕಾಗದ ಬಂತೆಂದರೆ ಸಾವಿನ ಸುದ್ದಿ. ಓದುವ ಅಗತ್ಯವೇ ಇಲ್ಲ. ಅದನ್ನು ಮನೆಯೊಳಗೆ ತರದೆ, ಹೊರಗೇ ಅತ್ತು, ಮಿಂದು ಒಳಗೆ ಬರುವುದು ಪದ್ಧತಿ. ಲಕೋಟೆಯನ್ನು ಹೊರಗೆ ಮರಳಿನ ಮೇಲಿಟ್ಟು, ಹಾರದಂತೆ ಕಲ್ಲು ಹೇರಿ, ಅಲ್ಲೇ ಕುಸಿದೆ. "ಅವ್ವ ಹೋದಳೋ ಖಾಜಾ" ಅಂದೆ. ಅವನೂ ಅತ್ತ. ಅಪ್ಪ ಎಂದೋ ಹೋಗಿದ್ದ. ಹಿರಿಯ ಮಗ ನಾನು. ಕ್ಷೌರಿಕನಲ್ಲಿ ತಲೆ ಬೋಳಿಸಿ, ಹದಿನೈದು ವರ್ಷ ಸಾಕಿದ ಮೀಸೆಯನ್ನೂ ತೆಗೆಸಿ, ತಣ್ಣೀರು ಸುರಿದುಕೊಂಡೆ.

"ಯಾವ ದಿನಾ ಅಂತಾದ್ರೂ ನೋಡ್ರಿ, ಒಡೀರಿ" ಎಂದ ಖಾಜಾ. ಒಡೆದೆ. ಅವ್ವ ಶರಣಪ್ಪನ ಕೈಯಲ್ಲಿ ಬರೆಸಿದ್ದಳು: "ನಾ ಎದ್ದು ಓಡ್ಯಾಡಾಕತ್ತೀನಿ. ಒಂದು ರೊಟ್ಟಿ ಹೆಚ್ಚಿಗೇನೆ ತಿನ್ನಾಕತ್ತೀನಿ. ನಿನ್ನ ಮಾರಿ ನೋಡಬೇಕು ಅನಸ್ತದ. ಲಗೂನ ಫೋಟೋ ತೆಗಿಸಿ ಕಳಸು."

ಗುಮಾಸ್ತನ ಕೊರಳಪಟ್ಟಿ ಹಿಡಿಯಲು ಹೋದೆ. ಅವನು ಶಾಂತವಾಗಿ ಒಂದು ಪುಸ್ತಕ ತೆರೆದು ತೋರಿಸಿದ. ದೇಶದೇಶದ ಸ್ಟಾಂಪುಗಳು! ಕೊನೆಯ ಪುಟದಲ್ಲಿ ನನ್ನ ಲಕೋಟೆಯ ಮೂಲೆ, ಅಂಟು ಇನ್ನೂ ಹಸಿ. ಹವ್ಯಾಸವಂತೆ. ಎಲ್ಲರ ಕಾಗದವನ್ನೂ ಹೀಗೇ ಕತ್ತರಿಸುತ್ತಾನಂತೆ. ಮೇಜಿನ ಮೇಲೆ ಉಳಿದ ಕಾಗದಗಳನ್ನು ನೋಡಿದೆ, ಒಂದಕ್ಕೂ ಮೂಲೆಯಿಲ್ಲ. ಖಾಜಾನ ಕಡೆ ತಿರುಗಿದೆ: "ನಿನಗ ಇದು ಗೊತ್ತಿತ್ತೇನೋ? ಮತ್ಯಾಕ ಅತ್ತಿ?"

"ನೀವು ಅತ್ರಿ, ನಾನೂ ಅತ್ತೆ. ಕಾರಣ ಕೇಳೋ ಹೊತ್ತೇನ್ರಿ ಅದು?"

ಈಗ ಫೋಟೋ ಹೇಗೆ ಕಳಿಸುವುದು? ಬೋಳು ಮಾರಿ ಕಂಡರೆ ತನಗೇ ಕರ್ಮ ಮಾಡಿದ್ದಾನೆಂದು ಅವ್ವನಿಗೆ ಒಂದೇ ಗಳಿಗೆಯಲ್ಲಿ ತಿಳಿಯುತ್ತದೆ. ಜಡ್ಡಿನಿಂದ ಎದ್ದ ಜೀವ, ಎದೆ ಒಡೆದುಕೊಂಡರೆ? ಕಡೆಗೆ ರುಮಾಲು ಸುತ್ತಿ ಫೋಟೋ ತೆಗೆಸಿ, ಸ್ಟುಡಿಯೋದವನಿಂದ ಅದರ ಮೇಲೆ ಪೆನ್ಸಿಲಿನಲ್ಲಿ ಮೀಸೆ ಬರೆಸಿ ಕಳಿಸಿದೆ. ನನ್ನ ಮೀಸೆಗಿಂತ ಅದೇ ಚೆನ್ನಾಗಿತ್ತು.

ಅವ್ವನ ಉತ್ತರ ಬಂತು: "ಫೋಟೋ ಬಂತು. ಮೀಸಿ ಭಾಳ ಛಂದ ಬರೆಸೀದಿ. ಯಾರ್ ಸತ್ತಾರಂತ ಬೋಳಿಸ್ಕೊಂಡಿ, ಅದೊಂದು ತಿಳಿಸು."

ಆಮೇಲೂ ಎರಡು ಸಲ ಅದನ್ನೇ ಕೇಳಿ ಬರೆಸಿದ್ದಾಳೆ. ಸದ್ಯ ನನ್ನ ಹತ್ತಿರ ಉತ್ತರ ಬರೆಯದ ಕಾಗದ ಮೂರು, ಮೀಸೆ ಅರ್ಧ ಇಂಚು, ಅವ್ವ ಒಬ್ಬಳು.