ಹೊಸ ಗ್ಯಾಸಿನ ಕಾರಿನಾಗ ಮುದ್ದೇಬಿಹಾಳಕ್ಕ

ನಮ್ಮ ಮನೆಯಿಂದ ಯಾವ ಸಾಮಾನು ದುರಸ್ತಿಗೆ ಹೋದರೂ ಅದೊಂದೇ ತಿರುಗಿ ಬಂದದ್ದಿಲ್ಲ ನೋಡ್ರಿ, ನಾಲ್ಕು ದಿನ ನಗುವಷ್ಟು ಸುದ್ದಿಯನ್ನೂ ಕಟ್ಟಿಕೊಂಡೇ ಬರುತ್ತದೆ. ರೇಡಿಯೋ ಹೋದಾಗಲೂ ಹಾಗೇ, ಹೊಲಿಗೆ ಮಿಷನ್ ಹೋದಾಗಲೂ ಹಾಗೇ. ಆದರೆ ಕಾರಿನ ಏಸಿ ಕೆಟ್ಟಾಗ ಮಾತ್ರ ನಾನು ಮೊದಲು ಅತ್ತು, ಆಮೇಲೆ ನಕ್ಕೆ.

ನಮ್ಮದು ಇಂಡಿ. ನಿಂಬೆಹಣ್ಣಿನ ತೋಟ. ಮಗಳ ಮಗಳ ಮದುವೆ ಮುದ್ದೇಬಿಹಾಳದಲ್ಲಿ ಗೊತ್ತಾಯಿತು, ಅದೂ ನಡು ಬೇಸಿಗೆಯಲ್ಲಿ. ನಮ್ಮ ಯಜಮಾನರಿಗೆ ಸೊಲ್ಲಾಪುರದಲ್ಲಿ ಎದೆಯ ಆಪರೇಶನ್ ಆಗಿ ಆಗಿನ್ನೂ ಮೂರು ತಿಂಗಳು. "ಅಜ್ಜಾರನ್ನ ಬಿಸಲಾಗ ಒಯ್ಯಬ್ಯಾಡ್ರಿ. ಒಯ್ಯೂದಾದ್ರ ತಣ್ಣನ ಗಾಡ್ಯಾಗ ಒಯ್ಯಿರಿ" ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಇತ್ತ ಮೊಮ್ಮಗಳು ಫೋನಿನಲ್ಲಿ, "ಅಜ್ಜಾ, ನೀ ಬರದಿದ್ರ ನಾ ಅಕ್ಕಿಕಾಳು ಹಾಕಿಸ್ಕೊಳ್ಳೂದಿಲ್ಲ" ಎಂದು ಹಟ ಹಿಡಿದಿದ್ದಳು. ನಮ್ಮ ಹಳೇ ಕಾರಿಗೆ ಏಸಿ ಇತ್ತು, ತಂಪು ಮಾತ್ರ ಇರಲಿಲ್ಲ. ಅದು ತಂಪಾದರೆ ಯಜಮಾನರು ಮದುವೆಗೆ. ಇಲ್ಲದಿದ್ದರೆ ಮನೆಯಲ್ಲೇ.

ಆಕಾಶಕ್ಕೆ ಬಿದ್ದ ತೂತು

ಸಿಂದಗಿಯಲ್ಲಿ ಒಬ್ಬ ಏಸಿ ಮಿಸ್ತ್ರಿ ಇದ್ದಾನೆಂದು ತಿಳಿದು ಮಗ ಕಾರು ಒಯ್ದ. ನಾನು, ಯಜಮಾನರು, ಸೊಸೆ ಎಲ್ಲರೂ ಹತ್ತಿದೆವು. ನಮ್ಮಲ್ಲಿ ದವಾಖಾನೆಗೆ ಹೋದರೂ ಹಾಗೇ, ಒಬ್ಬರಿಗೆ ನೋವು, ಐದು ಮಂದಿ ಜೊತೆಗೆ.

ಮಿಸ್ತ್ರಿ ಬಾನೆಟ್ ಎತ್ತಿ ನೋಡಿ, "ಇದರ ಗ್ಯಾಸ್ ಈಗ ಸಿಗೂದಿಲ್ರಿ. ಹಳೇ ಗ್ಯಾಸಿನಿಂದ ಆಕಾಶಕ್ಕ ತೂತು ಬಿದ್ದೈತಂತ ಬಂದ್ ಮಾಡಾಕತ್ತಾರ. ಹೊಸ ಗ್ಯಾಸಿಗೆ ಬದಲ್ ಮಾಡಬೇಕು" ಎಂದ.

ಯಜಮಾನರು ಸಿಟ್ಟಿನಿಂದ ಕಾರಿನ ಕಡೆಗೆ ಒಮ್ಮೆ, ಮೇಲಕ್ಕೆ ಒಮ್ಮೆ ನೋಡಿದರು. "ಐದು ವರ್ಷಾತು ಈ ಗಾಡಿ ನನ್ನ ಒಂದು ಸಲ ತಂಪ ಮಾಡಿಲ್ಲ. ಇದು ಹೋಗಿ ಆಕಾಶಕ್ಕ ತೂತು ಮಾಡ್ತಂತೇನು? ಅಷ್ಟು ಗಟ್ಟಿ ಇದ್ದಿದ್ರ ಝಳಕಿ ಏರಿನಾಗ ನಾವ್ಯಾಕ ಇಳದು ನೂಕತಿದ್ದಿವಿ?"

ಹಳೇ ಎಣ್ಣೆ

ಮಿಸ್ತ್ರಿ ಕೆಲಸ ಶುರು ಮಾಡಿದ. ಬರೇ ಗ್ಯಾಸ್ ಬದಲಿಸಿದರೆ ಆಗುವುದಿಲ್ಲವಂತೆ. ಒಳಗಿನ ಹಳೇ ಎಣ್ಣೆ ತೆಗೆಯಬೇಕು, ಕೊಳವೆ ತೊಳೆಯಬೇಕು, ರಬ್ಬರಿನ ಉಂಗುರಗಳನ್ನೂ ಹೊಸವು ಹಾಕಬೇಕು. ನನಗೆ ಸೋಜಿಗವಾಯಿತು.

"ಅಲ್ಲೋ ತಮ್ಮಾ, ಇಷ್ಟು ವರ್ಷ ಚಂದ ಇದ್ದ ಎಣ್ಣಿ. ನಿನ್ನೆ ಮೊನ್ನೆ ಬಂದ ಗ್ಯಾಸಿಗೆ ಅದನ್ಯಾಕ ಹೊರಗ ಹಾಕಬೇಕು? ಬಂದದ್ದು ಹೊಂದಿಕೊಂಡು ಹೋಗಬೇಕಪಾ!"

"ಹೊಂದೂದಿಲ್ರಿ ಅಮ್ಮಾರ. ಹಳೇ ಎಣ್ಣಿ ಒಳಗ ಉಳೀತಂದ್ರ ಹೊಸ ಗ್ಯಾಸಿಗೆ ಕೆಲಸ ಮಾಡಾಕ ಬಿಡೂದಿಲ್ಲ. ಮಿಷನ್ ಜಾಮ್ ಆಗತೈತಿ."

ಸೊಸೆ ಅಲ್ಲೇ ಸ್ಟೂಲಿನ ಮೇಲೆ ಕುಳಿತು ಬದನೆಕಾಯಿ ಹೆಚ್ಚುವಷ್ಟೇ ಸಮಾಧಾನದಿಂದ ಹೇಳಿದಳು: "ಮಿಸ್ತ್ರಿ, ಇನ್ನೊಂದು ಸಲ ಜೋರಲೆ ಹೇಳ್ರಿ. ಅತ್ತಿಯಾರಿಗೆ ಈ ಕಿವಿ ಮಂದ ಐತಿ."

ಕೊಸರು

ಗಾಳಿ ಎಳೆಯುವ ಮಿಷನ್ ಒಂದು ತಾಸು ಗುರ್ ಎಂದಿತು. ಆಮೇಲೆ ಹೊಸ ಗ್ಯಾಸ್ ತುಂಬುವ ಹೊತ್ತು. ಯಜಮಾನರು ಕುರ್ಚಿಯನ್ನು ಗ್ಯಾಸಿನ ಸಿಲಿಂಡರ್ ಇಟ್ಟ ತೂಕದ ಕಾಟಾದ ಹತ್ತಿರ ಎಳೆದುಕೊಂಡು ಕುಳಿತರು. ಮಿಸ್ತ್ರಿ ನಡುವೆಯೇ ಗ್ಯಾಸ್ ಬಂದ್ ಮಾಡಿದ.

"ಯಾಕ ನಿಂದರಿಸಿದಿ? ಹಳೇದು ಎಷ್ಟು ಹಿಡೀತಿತ್ತು, ಅಷ್ಟು ಹಾಕು."

"ಹೊಸಾದು ಸ್ವಲ್ಪ ಕಡಿಮೀನ ಹಾಕಬೇಕ್ರಿ ಯಜಮಾನ್ರ."

"ಕಡಿಮಿ?" ಯಜಮಾನರು ಎದ್ದು ನಿಂತರು. ಅವರು ಜೀವಮಾನವಿಡೀ ನಿಂಬೆಹಣ್ಣು ಮಾರಿದವರು. ನಮ್ಮ ಕಡೆ ನೂರು ಹಣ್ಣು ಎಣಿಸಿ, ಮೇಲೆ ಐದು ಕೊಸರು ಹಾಕದೆ ಚೀಲದ ಬಾಯಿ ಕಟ್ಟುವುದಿಲ್ಲ. "ಕೊಸರು ಹೋಗಲಿ, ಮೂಲದಾಗs ಕಡಿಮಿ ಕೊಡ್ತಿಯಾ? ಮ್ಯಾಲ ಒಂದೀಟು ಹಾಕು!"

"ಹೆಚ್ಚಾದ್ರ ಒಡೀತೈತ್ರಿ."

"ಊರ ಮಂದಿಗೆಲ್ಲ ಕೊಸರು ಕೊಟ್ಟೇನಿ, ಯಾರದೂ ಹೊಟ್ಟಿ ಒಡದಿಲ್ಲ."

ವಾದ ಮುಗಿಯುವ ಲಕ್ಷಣ ಕಾಣಲಿಲ್ಲ. ಎದೆ ಆಪರೇಶನ್ ಆದ ಮನುಷ್ಯ, ಮೈಯೆಲ್ಲ ಕೆಂಪಾಗುತ್ತಿದೆ. ನಾನು ಮಿಸ್ತ್ರಿಗೆ ಕಣ್ಣು ಹೊಡೆದೆ. ಅವನು ಜಾಣ. ಪಂಪು ತಂದು ನಾಲ್ಕೂ ಗಾಲಿಗೆ ಎರಡೆರಡು ಸಲ ಪುಸ್ ಪುಸ್ ಎನಿಸಿ, "ತಗೋರಿ ನಿಮ್ಮ ಕೊಸರು" ಎಂದ.

"ಹಾಂ, ಇದು ವ್ಯವಹಾರ!" ಎಂದು ಯಜಮಾನರು ತೃಪ್ತಿಯಿಂದ ಕಾರು ಹತ್ತಿದರು.

ಹಿಪ್ಪರಗಿ ಕ್ರಾಸಿನ ಮರ್ಯಾದೆ

ಮದುವೆಯ ದಿನ ಬೆಳಗ್ಗೆ ಹೊರಟೆವು. ಮಗ ಗಾಡಿ ಹೊಡೆಯುತ್ತಿದ್ದ, ಪಕ್ಕದಲ್ಲಿ ಯಜಮಾನರು, ಹಿಂದೆ ನಾನು, ಸೊಸೆ. ಏಸಿ ಎಂದರೆ ಏಸಿ! ಹೊರಗೆ ಡಾಂಬರು ಕರಗುವ ಬಿಸಿಲು, ಒಳಗೆ ಮಣ್ಣಿನ ಕೊಡದ ನೀರಿನಂಥ ಗಾಳಿ. ನನ್ನ ಜೀವಕ್ಕೆ ಜೀವ ಬಂತು. ಯಜಮಾನರಿಗೆ ಮಾತ್ರ ಚಳಿ ಹತ್ತಿತು. ಸೀಟು ಹಿಂದಕ್ಕೆ ಸರಿಸಿ, ಬಿಳಿ ಶಾಲು ಮೋರೆಯ ತುಂಬ ಹೊದ್ದು ನಿದ್ದೆ ಹೋದರು.

ದೇವರಹಿಪ್ಪರಗಿ ಕ್ರಾಸಿನಲ್ಲಿ ದನಗಳು ಅಡ್ಡ ಬಂದವೆಂದು ಗಾಡಿ ನಿಂತಿತು. ಸೈಕಲ್ ಹಿಡಿದು ನಿಂತಿದ್ದ ಒಬ್ಬ ಮುಪ್ಪಿನ ಮನುಷ್ಯ ಒಳಗೆ ಬಗ್ಗಿ ನೋಡಿದ. ಗ್ಲಾಸು ಮುಚ್ಚಿದೆ, ಮನುಷ್ಯ ಅಡ್ಡಾಗಿದ್ದಾನೆ, ಮೋರೆಯ ಮೇಲೆ ಬಿಳಿ ಬಟ್ಟೆ. ಪಾಪ, ತಲೆಯ ಪಟಗ ತೆಗೆದು ಕೈ ಮುಗಿದ. ಅವನನ್ನು ನೋಡಿ ಚಹಾದಂಗಡಿಯ ಮಂದಿಯೂ ಎದ್ದು ಕೈ ಮುಗಿದರು.

ಗಾಡಿ ನಿಂತದ್ದಕ್ಕೆ ಯಜಮಾನರಿಗೆ ಎಚ್ಚರವಾಯಿತು. ಶಾಲು ಸರಿಸಿ, ಎದ್ದು ಕುಳಿತು, ತಾವೂ ಕೈ ಮುಗಿದರು. ಸೈಕಲ್ಲು ಒಂದು ಕಡೆ ಬಿತ್ತು, ಪಟಗ ಒಂದು ಕಡೆ. ಆ ಮನುಷ್ಯ ಯಾವ ಕಡೆ ಓಡಿದನೋ ನನಗೆ ಕಾಣಲೇ ಇಲ್ಲ.

ಇವರು ನನ್ನ ಕಡೆ ತಿರುಗಿ, "ಈ ಊರಿನ ಮಂದಿಗೆ ಎಷ್ಟು ಮರ್ಯಾದಿ ನೋಡು. ಗುರುತು ಇಲ್ಲದವರಿಗೂ ಎದ್ದು ನಿಂತು ಕೈ ಮುಗೀತಾರ!" ಎಂದರು.

ಕಾಲು ತಣ್ಣಗಾದವು

ಬಸವನ ಬಾಗೇವಾಡಿಯಲ್ಲಿ ಗುಡಿಗೆ ಕೈ ಮುಗಿದು ಬರುತ್ತೇವೆಂದು ಮಗ, ಸೊಸೆ ಇಳಿದು ಹೋದರು. ಇವರು ಒಳಗೇ ನಿದ್ದೆಯಲ್ಲಿದ್ದರು, ಅದಕ್ಕೆ ಏಸಿ ಚಾಲೂ ಇತ್ತು. ನಾನು ಕಾಲು ಝಾಡಿಸಲು ಕೆಳಗಿಳಿದು ನೋಡುತ್ತೇನೆ, ಗಾಡಿಯ ಹೊಟ್ಟೆಯ ಕೆಳಗಿನ ಸಣ್ಣ ಕೊಳವೆಯಿಂದ ಟಪ್ ಟಪ್ ಎಂದು ಏನೋ ಸೋರುತ್ತಿದೆ. ಮುಟ್ಟಿದರೆ ಹಿಮದಷ್ಟು ತಣ್ಣಗೆ. ಅಯ್ಯೋ ಶಿವನೇ, ಹೊಸ ಗ್ಯಾಸು ಕರಗಿ ಸೋರಿ ಹೋಗುತ್ತಿದೆ! ಇನ್ನೂ ತಾಸಿನ ದಾರಿ, ಮಟಮಟ ಮಧ್ಯಾಹ್ನ, ಇವರ ಗತಿ?

ನಮ್ಮ ಟ್ರ್ಯಾಕ್ಟರಿನ ಡೀಸೆಲ್ ಟಾಕಿ ಸೋರಿದಾಗ ಸಾಬೂನು ಮೆತ್ತುವುದು ಮನೆಯ ಪದ್ಧತಿ. ಚೀಲದಲ್ಲಿ ಬಟ್ಟೆ ಸಾಬೂನಿತ್ತು. ಹಳೇ ಸೀರೆಯ ಚಿಂದಿಗೆ ಸಾಬೂನು ತಿಕ್ಕಿ, ಬೆಣೆ ಮಾಡಿ, ಕೊಳವೆಯೊಳಗೆ ಗಟ್ಟಿಯಾಗಿ ತುರುಕಿದೆ. ಸೋರುವುದು ನಿಂತಿತು. ಮಗನಿಗೆ ಹೇಳಲಿಲ್ಲ, ಗಾಬರಿಯಾಗುತ್ತಾನೆಂದು.

ಅರ್ಧ ದಾರಿ ದಾಟಿರಬೇಕು. ಇವರು ಕಣ್ಣು ಬಿಡದೆಯೇ ಮೆಲ್ಲಗೆ, "ಏ ಇವಳs... ನನ್ನ ಕಾಲು ತಣ್ಣಗಾಗಾಕತ್ತಾವ" ಎಂದರು.

ನನಗೆ ಭೂಮಿ ಬಾಯಿ ಬಿಟ್ಟಂತಾಯಿತು. ಮನುಷ್ಯನ ಕಾಲು ಮೊದಲು ತಣ್ಣಗಾಗುವುದು ಯಾವಾಗ ಎಂದು ನನಗೆ ಗೊತ್ತಿಲ್ಲವೇ? "ಗಾಡಿ ನಿಂದರಿಸೋ!" ಎಂದು ಚೀರಿದೆ. ಸೊಸೆ ವಿಭೂತಿ ಹುಡುಕಿದಳು. ಮಗ, "ಅಪ್ಪಾ, ಎದಿ ನೂಸತೈತೇನು?" ಎಂದು ಅಳುಮೋರೆ ಮಾಡಿದ.

"ಎದಿಗೇನಾಗೈತೋ? ಕಾಲು ಅಂದ್ನಿ, ಕಾಲು. ಮೊಣಕಾಲತನಕ ತಣ್ಣಗಾತು."

ನಾನು ಅಳುತ್ತಲೇ ಬಾಗಿಲು ತೆಗೆದು ಅವರ ಪಾದ ಹಿಡಿಯಲು ಹೋದೆ. ಕೈ ಬುಳಕ್ಕೆಂದು ನೀರಿನಲ್ಲಿ ಮುಳುಗಿತು. ಪಾದದ ಗಂಟು ಮುಳುಗುವಷ್ಟು ನೀರು, ಅದರಲ್ಲಿ ಹೊಸ ಚಪ್ಪಲಿ ತೇಲುತ್ತಿವೆ, ರೇಷ್ಮೆ ದೋತರದ ಅಂಚು ಹೀರಿ ಹೀರಿ ಮೊಣಕಾಲಿಗೇರಿದೆ!

ಆಗ ನಾನು ಕೊಳವೆಗೆ ಬೆಣೆ ಬಡಿದದ್ದನ್ನು ಬಾಯಿಬಿಟ್ಟೆ. ಮಗ ಗಾಡಿಯ ಕೆಳಗೆ ತೂರಿ ಅದನ್ನು ಎಳೆದ. ಸಾಬೂನಿನ ನೊರೆಯೊಡನೆ ನೀರು ಭರ್ರನೆ ಹರಿಯಿತು. "ಯವ್ವಾ, ಇದು ಗ್ಯಾಸಲ್ಲs! ಏಸಿ ತಂಪಿನ ನೀರು. ಇದು ಸೋರಿದ್ರs ಎಲ್ಲಾ ಬರೋಬ್ಬರಿ ಐತಂತ ಲೆಕ್ಕ!" ನಾನು ರಸ್ತೆಯ ಬದಿಯಲ್ಲೇ ಕುಳಿತುಬಿಟ್ಟೆ. ಅಳು ಎಲ್ಲಿ ನಿಂತು ನಗು ಎಲ್ಲಿ ಶುರುವಾಯಿತೋ ತಿಳಿಯಲಿಲ್ಲ.

ಅಕ್ಕಿಕಾಳಿನ ಮುಹೂರ್ತಕ್ಕೆ ಇನ್ನೂ ಅರ್ಧ ತಾಸಿರುವಾಗ ಮುದ್ದೇಬಿಹಾಳ ಮುಟ್ಟಿದೆವು. ಮೊಮ್ಮಗಳು ಬಾಸಿಂಗ ಕಟ್ಟಿಕೊಂಡೇ ಬಾಗಿಲಿಗೆ ಓಡಿ ಬಂದಳು. ಬೀಗರು ಪದ್ಧತಿಯಂತೆ ತುಂಬಿದ ತಂಬಿಗೆ ಹಿಡಿದು, "ಬರ್ರಿ ಬರ್ರಿ, ದೂರದಿಂದ ಬಂದೀರಿ. ಕಾಲಿಗೆ ನೀರು ತಗೋರಿ" ಎಂದರು.

ಯಜಮಾನರು ತೊಟ್ಟಿಕ್ಕುವ ದೋತರ ಎರಡೂ ಕೈಯಿಂದ ಎತ್ತಿ ಹಿಡಿದು ಇಳಿದರು. "ನೀರು ಬ್ಯಾಡ್ರಿ ಬೀಗರ. ಬಾಗೇವಾಡಿಯಿಂದ ತೊಳಕೋತನs ಬಂದೇನಿ. ಒರಸಾಕ ಏನರೆ ಇದ್ರ ಕೊಡ್ರಿ."